ಆ ಹುಡುಗಿಯ ಬಾಯಿ, ನನ್ನ ದನಿ

ಜೂನ್ 8, ಶನಿವಾರ, ಸಂಜೆ

ಬಟ್ಟೆ ಮಡಚಿದೆ. ಬಿಪಿ ಮಾತ್ರೆ ನುಂಗಿದೆ. ಅಳಿಯ ಡಿಸ್ಕ್ ತಂದಿದ್ದಾನೆ — ನನ್ನ ಪಿಕ್ಚರ್! ನಲವತ್ತೊಂದು ವರ್ಷ ಆಯಿತು. ಕಥೆ ಅಂದರೆ ಹದಿನೇಳರ ಹುಡುಗಿ, ಪಕ್ಕದ ಬೀದಿಯ ಸೈಕಲ್ ಹುಡುಗ, ಮೊದಲ ಪ್ರೀತಿ. ಮುಖ ಅವಳದು, ದನಿ ನನ್ನದು. ನನಗೂ ಆಗ ಹದಿನೇಳೇ. ಹೆಸರು ಹಾಕಲಿಲ್ಲ. ಆಗೆಲ್ಲ ಡಬ್ಬಿಂಗ್‌ನವರ ಹೆಸರು ಯಾರು ಹಾಕುತ್ತಿದ್ದರು? ನಾಳೆ ಎಲ್ಲರೂ ಕೂತು ನೋಡುವುದು. ಮೊಮ್ಮಗಳು ಗುಬ್ಬಿ ಆಗಲೇ ಸ್ಕೂಲಿನಲ್ಲೆಲ್ಲ ಡಂಗುರ ಸಾರಿ ಬಂದಿದ್ದಾಳೆ.

ಜೂನ್ 9, ಭಾನುವಾರ

ಮೋಸ. ಹಾಡಹಗಲ ದರೋಡೆ.

ಹುಡುಗಿ ಬಾಯಿ ತೆರೆದಳು. ದನಿ ನನ್ನದಲ್ಲ! ಯಾರೋ ಹೊಸಬಳು, ಬಸ್ ಸ್ಟ್ಯಾಂಡಿನಲ್ಲಿ ಅನೌನ್ಸ್ ಮಾಡಿದ ಹಾಗೆ ಪ್ರೀತಿ ಹೇಳುತ್ತಾಳೆ. ತುಟಿ ಮುಚ್ಚಿದ ಮೇಲೂ ಮಾತು ಮುಗಿಯುವುದಿಲ್ಲ. ನಾವು ಒಂದಕ್ಷರ ಜಾರಿದರೆ ಮೊದಲಿಂದ ಹೇಳಿಸುತ್ತಿದ್ದರು, ನೀರೂ ಕೊಡದೆ. ಕವರ್ ತಿರುಗಿಸಿ ನೋಡಿದೆ. ಸಾಸಿವೆ ಕಾಳಿನಷ್ಟು ಅಕ್ಷರ: "ಹೊಸ ಧ್ವನಿಯೊಂದಿಗೆ".

ಅಳಿಯ ಮೊಬೈಲ್ ನೋಡತೊಡಗಿದ. ಮಗಳು "ಹೋಗ್ಲಿ ಬಿಡಮ್ಮ" ಎಂದಳು. ಏನು ಹೋಗಲಿ? ಗುಬ್ಬಿ ನನ್ನ ಮುಖ ನೋಡದೆ ಕೇಳಿದಳು, "ಅಜ್ಜಿ, ನಿಜವಾಗ್ಲೂ ನೀನೇನಾ? ನಾಳೆ ಸ್ಕೂಲಲ್ಲಿ ಏನ್ ಹೇಳ್ಲಿ?"

ಹನ್ನೊಂದು ವರ್ಷದ ಮಗುವಿನ ಮುಂದೆ ಸುಳ್ಳಿ ಆದೆ.

ಸಿಟ್ಟು ಬಂದರೆ ನನಗೆ ಬಿಕ್ಕಳಿಕೆ, ಚಿಕ್ಕಂದಿನಿಂದ. ಒಂದು ಬಿಕ್ಕು, ನಡುವೆ ಸಣ್ಣ "ಕೀಂ", ಇನ್ನೊಂದು ಬಿಕ್ಕು. "ಯಾರೋ ನೆನೆಸ್ಕೊಳ್ತಿದಾರೆ ಅತ್ತೆ" ಎಂದ ಅಳಿಯ. ಯಾರೂ ನೆನೆಸಿಕೊಳ್ಳುತ್ತಿಲ್ಲ, ಅದೇ ತೊಂದರೆ. ಅರ್ಧಕ್ಕೇ ಟಿವಿ ಆರಿಸಿದೆ.

ಜೂನ್ 10, ಬೆಳಿಗ್ಗೆ 11

ಡಿಸ್ಕ್ ಕಂಪನಿಗೆ ಫೋನ್. "ಹಳೇ ಸೌಂಡು ಹಾಳಾಗಿತ್ತು ಮೇಡಂ. ಅದು ನಿಮ್ದೇ ವಾಯ್ಸ್ ಅನ್ನೋಕೆ ಪ್ರೂಫ್ ಇದ್ಯಾ?"

ನನ್ನ ಗಂಟಲಿಗೆ ರಸೀದಿ ಬೇಕಂತೆ! ಚೆನ್ನಾಗಿ ಬೈಯಬೇಕೆಂದಿದ್ದೆ... ಬಿಕ್ಕಳಿಕೆ ಶುರುವಾಯಿತು. ಇಟ್ಟುಬಿಟ್ಟೆ.

ಜೂನ್ 12

ನಾದಿನಿಯ ಮನೆಯಲ್ಲಿ ಈ ಪಿಕ್ಚರಿನ ಹಳೇ ವಿಡಿಯೋ ಕ್ಯಾಸೆಟ್ — ನಾನೇ ಕೊಟ್ಟದ್ದು. ಎರಡು ಬಸ್ ಬದಲಿಸಿ ಹೋದೆ. ಕ್ಯಾಸೆಟ್ ಇತ್ತು. ಹಾಕಿದರೆ ಅವಳ ಮಗನ ಮದುವೆ! ಅದರ ಮೇಲೇ ರೆಕಾರ್ಡ್ ಮಾಡಿಸಿದ್ದಾಳೆ. "ನೀವ್ಯಾರೂ ನೋಡಲ್ಲ ಅನ್ಕೊಂಡೆ ಅತ್ತಿಗೆ, ಸುಮ್ನೆ ವೇಸ್ಟ್ ಆಗ್ತಿತ್ತಲ್ಲ." ಎಲ್ಲಾದರೂ ಒಂದು ತುಣುಕು ಉಳಿದಿದೆಯೇನೋ ಎಂದು ಕೊನೆತನಕ ಕೂತೆ. ಎರಡು ಗಂಟೆ ಜನ ಊಟ ಮಾಡುವುದನ್ನು ನೋಡಿ ಬಂದೆ.

ಗುಬ್ಬಿಗೆ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅದೇ ಹೆಚ್ಚು ಉರಿಯಿತು.

ಜೂನ್ 23, ಭಾನುವಾರ, ಮಧ್ಯಾಹ್ನ

ಹನ್ನೊಂದು ದಿನ ಬರೆಯಲಿಲ್ಲ. ಏನು ಬರೆಯುವುದು?

ಪಾತ್ರೆ ತೊಳೆಯುತ್ತಿದ್ದೆ. ಟಿವಿ ಇರುವುದು ಅಡುಗೆಮನೆ ಗೋಡೆಯ ಆಚೆ ಮಗ್ಗುಲಿಗೇ. ಗುಬ್ಬಿ ಆ ಡಿಸ್ಕ್ ಹಾಕಿಕೊಂಡಿದ್ದಳು. ಕೊನೆಗೆ ಹುಡುಗ ಊರು ಬಿಡುತ್ತಾನೋ ಇಲ್ಲವೋ ತಿಳಿಯಬೇಕಿತ್ತಂತೆ. ಆ ಬಾಡಿಗೆ ದನಿ ಕಿವಿಗೆ ಬೀಳಬಾರದೆಂದು ನಲ್ಲಿ ಜೋರಾಗಿ ಬಿಟ್ಟೆ.

"ಅಜ್ಜೀ, ಈಗ ಯಾರ ಮೇಲೆ ಸಿಟ್ಟು?"

"ಯಾರ ಮೇಲೂ ಇಲ್ವಲ್ಲೇ."

"ಮತ್ತೆ ಬಿಕ್ಕಳಿಸಿದ್ಯಲ್ಲ!"

"ನಾನೆಲ್ಲಿ ಬಿಕ್ಕಳಿಸ್ದೆ?"

ಸೋಪಿನ ಕೈಯಲ್ಲೇ ಓಡಿದೆ. ಗುಬ್ಬಿ ಹಿಂದಕ್ಕೆ ಓಡಿಸಿ ಹಾಕಿದಳು. ಪ್ಲಾಟ್‌ಫಾರ್ಮ್. ರೈಲು ಹೊರಟಿದೆ. ಹುಡುಗಿ ಮುಖ ಮುಚ್ಚಿಕೊಂಡಿದ್ದಾಳೆ. ಮಾತಿಲ್ಲ, ಬರೀ ಅಳು. ಆಮೇಲೆ ಒಂದು ಬಿಕ್ಕು — "ಕೀಂ" — ಇನ್ನೊಂದು ಬಿಕ್ಕು.

ನೆನಪಾಯಿತು. ಹದಿನಾಲ್ಕನೇ ಟೇಕ್. ಸೌಂಡ್ ಇಂಜಿನಿಯರ್ ಗದರಿದ್ದ. ನನಗೆ ಬಂದದ್ದು ಅಳುವಲ್ಲ, ಸಿಟ್ಟು, ಜೊತೆಗೆ ಬಿಕ್ಕಳಿಕೆ. "ಕಟ್ ಮಾಡ್ಲಾ ಸಾರ್?" ಎಂದ. "ಬೇಡ, ಇರ್ಲಿ" ಎಂದಿದ್ದರು ಡೈರೆಕ್ಟರ್. ನನ್ನ ಮಾತೆಲ್ಲ ಕಿತ್ತ ಡಿಸ್ಕ್ ಕಂಪನಿಯವರು ಮಾತಿಲ್ಲದ ಜಾಗ ಮುಟ್ಟಿಲ್ಲ.

ಗುಬ್ಬಿ ಏಳು ಸಲ ಹಾಕಿದಳು. ಏಳು ಸಲವೂ ಟಿವಿ ಬಿಟ್ಟು ನನ್ನ ಮುಖ ನೋಡಿದಳು. ಅತ್ತುಬಿಟ್ಟೆ.

ಅದೇ ದಿನ, 5 ಗಂಟೆ

ಪ್ರೂಫ್ ಕೇಳಿದ್ದರಲ್ಲ, ಕಂಪನಿಗೆ ಕಾಗದ ಬರೆಯಲು ಕೂತೆ. "ಮಾನ್ಯರೇ, ನಿಮ್ಮದೇ ಡಿಸ್ಕಿನ ಕೊನೆಯಲ್ಲಿ..." ಅಷ್ಟರಲ್ಲಿ ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ. ಗುಬ್ಬಿ ಸ್ಕೂಲಿನ ಗೆಳತಿಯರನ್ನು ಎಳೆದು ತಂದಿದ್ದಾಳೆ. "ಅಜ್ಜೀ, ಬೇಗ ಬಾ! ಸ್ವಲ್ಪ ಸಿಟ್ಟು ಮಾಡ್ಕೋ, ಇವ್ರಿಗೆ ಕೇಳಿಸ್ಬೇಕು!"

ಹದಿನೈದು ದಿನದಿಂದ ಕುದಿಯುತ್ತಿದ್ದವಳು. ಈಗ ನೋಡಿದರೆ ಸಿಟ್ಟೇ ಬರುತ್ತಿಲ್ಲ!