ಜ್ವರಕ್ಕೆ ಕೂತ ಹುಳು

ಶೈಲಜಾ ಮೇಡಂ ಅವರಿಗೆ ನಮಸ್ಕಾರ.

ನಾನು ಬಿ.ಎಸ್ಸಿ. ಮೊದಲ ವರ್ಷದ ಪವಿತ್ರ, ಜಂಗಮಕೋಟೆಯಿಂದ ಬಸ್ಸಿನಲ್ಲಿ ಬರುವವಳು. ನಿನ್ನೆ ಕ್ಯಾಲ್ಕುಲಸ್ ತರಗತಿಯಲ್ಲಿ ಚಾಕ್‌ಪೀಸ್ ಹಿಡಿದು ಬೋರ್ಡಿನ ಮುಂದೆ ಸುಮ್ಮನೆ ನಿಂತುಬಿಟ್ಟೆ. ಲೆಕ್ಕ ಗೊತ್ತಿತ್ತು, ಭಯಕ್ಕೆ ಕೈ ಏಳಲಿಲ್ಲ. "ನಿನ್ ಕೈಲಿ ಆಗಲ್ಲಮ್ಮ, ಸೋಮವಾರ ಅರ್ಜಿ ಕೊಟ್ಟು ಬೇರೆ ವಿಷಯ ತಗೋ" ಅಂದಿರಿ. ಆಗಿನಿಂದ ಊಟ ಮುಟ್ಟಿಲ್ಲ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ತಟ್ಟೆಯ ಹುಳುಗಳು ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು ಅಲುಗಾಡದೆ ಇದ್ದವಂತೆ. ಸತ್ತಿವೆ ಎಂದುಕೊಂಡು ತಿಪ್ಪೆಗೆ ಸುರಿದುಬಿಟ್ಟಳಂತೆ. ಅಜ್ಜಿ ಓಡಿಬಂದು, "ಅಯ್ಯೋ, ಸತ್ತಿಲ್ಲ ಕಣಮ್ಮಾ, ಜ್ವರಕ್ಕೆ ಕೂತವೆ! ಪೊರೆ ಬಿಡೋಕ್ ಮುಂಚೆ ಹಿಂಗೇ ಅಲುಗಾಡ್ದೆ ಇರ್ತವೆ. ಬಿಟ್ಮೇಲೆ ನೋಡು, ಎಷ್ಟು ಸೊಪ್ಪು ಹಾಕಿದ್ರೂ ಸಾಲ್ದು" ಅಂದಳಂತೆ. ಅಷ್ಟರಲ್ಲಿ ಕೋಳಿಗಳು ಬಂದಾಗಿತ್ತು.

ದಯವಿಟ್ಟು ಸೋಮವಾರ ನನ್ನನ್ನು ಬೋರ್ಡಿಗೆ ಕರೆಯಬೇಡಿ, ಅರ್ಜಿಯನ್ನೂ ಕೇಳಬೇಡಿ. ಇನ್ನಷ್ಟು ದಿನ ಕೊನೆಯ ಬೆಂಚಿನಲ್ಲೇ ಕೂತಿರಲು ಬಿಡಿ. ಬಾಯಿ ಬಿಡದಿದ್ದರೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತೇನೆ.

ನಿನ್ನೆಯ ಲೆಕ್ಕವನ್ನು ಈ ಹಾಳೆಯ ಹಿಂದೆ ಬಿಡಿಸಿದ್ದೇನೆ. ಅಕ್ಷರ ಸೊಟ್ಟಗಿದೆ. ಉತ್ತರ ಸರಿಯಿದೆ, ಮೇಡಂ.

ನಿಮ್ಮ ವಿದ್ಯಾರ್ಥಿನಿ,
ಪವಿತ್ರ ವಿ.