ಭಾವನ ಯೂರಿಕ್ ಆಸಿಡ್

ಮಾರ್ಚ್ ೧೧, ಮಂಗಳವಾರ

ಭಾವನ ಯೂರಿಕ್ ಆಸಿಡ್ ಒಂಬತ್ತೂವರೆ. ಏಳರೊಳಗೆ ಇರಬೇಕಿತ್ತು. ರಕ್ತವನ್ನು ಯಂತ್ರಕ್ಕೆ ಮತ್ತೊಮ್ಮೆ ಹಾಕಿದೆ, ಅದೇ ಬಂತು. ನಿನ್ನೆ ಹೃದಯಾಘಾತವಾಗಿ ನಮ್ಮ ಆಸ್ಪತ್ರೆಗೇ ಸೇರಿಸಿದ್ದಾರೆ. ರಕ್ತ ಪರೀಕ್ಷಿಸುವವಳು ನಾನೇ.

ಹೃದಯದ ಡಾಕ್ಟರ ಅಧ್ಯಯನಕ್ಕೆ ಎರಡು ವರ್ಷದಿಂದ ಹೃದಯಾಘಾತವಾದವರ ಇದೇ ಅಂಕಿ ಬರೆದುಕೊಡುತ್ತಿದ್ದೇನೆ. ಅದು ಏರಿದವರಲ್ಲಿ ಸಾವು ಜಾಸ್ತಿ. ಹಾಗಾದರೆ ಭಾವ ಎಂದು ಡಾಕ್ಟರನ್ನೇ ಕೇಳಿದೆ.

"ಅದು ನೂರು ಜನರ ಬಗ್ಗೆ ಹೇಳುತ್ತಮ್ಮ, ಒಬ್ಬರ ಬಗ್ಗೆ ಅಲ್ಲ," ಎಂದರು. ಆ ನೂರರಲ್ಲಿ ನಮ್ಮವರೇ ಇರುವಾಗ ಮಾತು ತಲೆಗಿಳಿಯುವುದಿಲ್ಲ.

ವಾರ್ಡಿನ ಹೊರಗೆ ಅಕ್ಕ ಕೈ ಹಿಡಿದುಕೊಂಡಳು. "ನಿಂಗೆಲ್ಲಾ ಗೊತ್ತಿರುತ್ತಲ್ವೇನೇ? ಉಳೀತಾರಾ?"

"ಡಾಕ್ಟ್ರು ಚೆನ್ನಾಗಿ ನೋಡ್ಕೊಳ್ತಿದಾರೆ ಅಕ್ಕ."

ಕೇಳಿದ್ದೊಂದು, ಹೇಳಿದ್ದೊಂದು. ಅವಳು ಮೆಲ್ಲಗೆ ಕೈ ಬಿಟ್ಟಳು.

ಒಳಗೆ ಭಾವ ಮಾತ್ರ ನಗುತ್ತಿದ್ದರು. "ಏನಮ್ಮಾ, ನನ್ನ ರಕ್ತ ಪಾಸಾಯ್ತಾ?"

"ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡಿದೀನಿ ಭಾವ."

ಜೋರಾಗಿ ನಕ್ಕು ನರ್ಸ್ ಕೈಲಿ ಬೈಸಿಕೊಂಡರು.

ಎಷ್ಟು ಜನರ ಅಂಕಿ ಬರೆದಿಟ್ಟು ನೆಮ್ಮದಿಯಾಗಿ ಊಟಕ್ಕೆ ಹೋಗಿದ್ದೇನೆ! ಅವರ ಬಾಗಿಲಾಚೆಯೂ ಯಾರೋ ಕೂತಿದ್ದಿರಬೇಕು. ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಸಾಕು, ಕಣ್ಣು ಎಳೆಯುತ್ತಿದೆ. ಬೆಳಗ್ಗೆ ಮತ್ತೆ ಭಾವನ ರಕ್ತ ತೆಗೆಯಬೇಕು. ಅದಕ್ಕೂ ಮೊದಲು ಬಾಗಿಲಾಚೆ ಅಕ್ಕನ ಪಕ್ಕ ಸ್ವಲ್ಪ ಹೊತ್ತು ಕೂರುತ್ತೇನೆ.