ಮನೆಗೆ ಮೂರೇ ನಿಮಿಷ

ಹೊನ್ನಾಳಿ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಪೂಜಕ್ಕ ಶಾಲೆಗೆ ಪಾಠ ಮಾಡಲು ಹೋದ ಮೇಲೆ ಅವಳ ಮಗ ನಿನ್ನನ್ನು ಕೂರಲು ಬಿಡುತ್ತಾನೋ ಇಲ್ಲವೋ? ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ಫೋನ್ ಇರುವಾಗ ಇವಳಿಗೇಕೆ ಕಾಗದದ ಹುಚ್ಚು ಅನ್ನಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕುತ್ತೀಯ, ಜಗಳೂರಿನ ಅರ್ಧ ಬೀದಿ ನನ್ನ ಕಥೆ ಕೇಳಿ ನನಗೇ ಬುದ್ಧಿ ಹೇಳುತ್ತದೆ. ಅದಕ್ಕೇ ನಮ್ಮ ವ್ಯಾನಿನಲ್ಲಿ ಕಾಗದ ಕಳಿಸುತ್ತಿದ್ದೇನೆ. ಒಬ್ಬಳೇ ಓದು.

ನನ್ನ ಕೆಲಸ ಏನೆಂದು ಕೇಳಿದವರಿಗೆಲ್ಲ ನೀನು "ಪಾರ್ಸೆಲ್ ಹಂಚ್ತಾಳೆ" ಅನ್ನುತ್ತೀಯಂತೆ. ಹಂಚುವವರು ಬೇರೆ ಅಮ್ಮಾ. ಯಾವ ವ್ಯಾನು ಯಾವ ಊರಿಗೆ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಹೋಗಬೇಕು ಅಂತ ಗೊತ್ತುಮಾಡಿ ನಿಗಾ ಇಡುವವಳು ನಾನು. ಹೊನ್ನಾಳಿ, ನ್ಯಾಮತಿ ಎರಡೂ ನನ್ನ ಸುಪರ್ದಿಯಲ್ಲಿವೆ. ಆದರೆ ಇದು ಆರು ತಿಂಗಳ ತಾತ್ಕಾಲಿಕ ಹುದ್ದೆ, ಈ ತಿಂಗಳಿಗೆ ಮುಗಿಯುತ್ತದೆ. ಕಾಯಂ ಆದರೆ ಮ್ಯಾನೇಜರ್. ಆಗದಿದ್ದರೆ ಗಂಟುಮೂಟೆ ಕಟ್ಟಿ ಚನ್ನಗಿರಿಯ ನಮ್ಮ ಮನೆಗೆ ವಾಪಸ್, ನೀನು ನೋಡಿಟ್ಟಿರುವ ಕೆರೆಬಿಳಚಿಯ ಗಂಡಿನ ಮುಂದೆ ಹಾಜರು. ಪಾಪ, ಅವನ ಮೇಲೆ ನನಗೇನೂ ಸಿಟ್ಟಿಲ್ಲ.

ತೊಡಕು ಬಂದದ್ದು ಟೀಯಿಂದ. ಕಂಪನಿಯ ಪ್ರಕಾರ ಒಂದು ಮನೆಗೆ ಮೂರು ನಿಮಿಷ. ನಮ್ಮದು ಹದಿನಾಲ್ಕು! ಡ್ರೈವರ್ ಮಾರುತೇಶನನ್ನು ತರಾಟೆಗೆ ತೆಗೆದುಕೊಂಡರೆ, "ಮೇಡಂ, ಟೀ ಕುಡೀದೆ ಹೊಂಟ್ರೆ ಬೇಜಾರು ಮಾಡ್ಕೆಂತಾರ್ರೀ. ನಾನೇನು ಮಾಡಾಕಾಗ್ತೈತೆ?" ಅಂದ. ಹೇಗೆ ಮುಗಿಸುವುದೆಂದು ತೋರಿಸುತ್ತೇನೆ ಬಾ ಅಂತ ಜಂಬದಿಂದ ನಾನೇ ವ್ಯಾನು ಹತ್ತಿದೆ. ಸಾಸ್ವೆಹಳ್ಳಿಯ ಮೊದಲ ಮನೆ ಕಸ್ತೂರಮ್ಮನವರದು. ಮಿಕ್ಸಿ ಜಾರ್ ಕೊಟ್ಟು, ಸಹಿ ಹಾಕಿಸಿಕೊಂಡು ತಿರುಗಿದೆ, ಅಷ್ಟೇ. "ಹೆಣ್ಮಗಳು ಮನಿಗೆ ಬಂದು ಹಂಗೇ ಹೋಗಾದಾ? ಕುಂತ್ಕಳವ್ವ" ಅಂದರು. ಟೀ, ಅವಲಕ್ಕಿ, ಅರಿಶಿನ ಕುಂಕುಮ, ರವಿಕೆ ಕಣ, ಕೊನೆಗೆ ನಮ್ಮ ಮನೆತನದ ವಿಚಾರಣೆ. ಐವತ್ತೆರಡು ನಿಮಿಷ! ಮಾರುತೇಶ ವಾಚು ನೋಡುತ್ತಾ ಎರಡನೇ ತಟ್ಟೆ ಅವಲಕ್ಕಿ ತಿಂದ. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಟೀ ತಪ್ಪಿಸಲು ಆಗದು, ಊರಿಗೆಲ್ಲ ಸೇರಿ ಒಂದೇ ಸಲ ಕುಡಿದು ಮುಗಿಸಬಹುದಲ್ಲ ಅಂತ ಅಲ್ಲೇ ಹೊಳೆಯಿತು. ಈಗ ಸಾಸ್ವೆಹಳ್ಳಿಯ ಪಾರ್ಸೆಲ್ಲೆಲ್ಲ ಕಸ್ತೂರಮ್ಮನವರ ಜಗಲಿಗೆ ಇಳಿಯುತ್ತವೆ. ಅವರು ಬೀದಿಗೆಲ್ಲ ಕೂಗು ಹಾಕುತ್ತಾರೆ, ಜನ ಬಂದು ಸಹಿ ಹಾಕಿ ಒಯ್ಯುತ್ತಾರೆ. ಇಪ್ಪತ್ತಾರು ಪಾರ್ಸೆಲ್, ಒಂದು ಟೀ. ಮನೆಗೆ ಎರಡೇ ನಿಮಿಷ! ಇದನ್ನು ಕಂಪ್ಯೂಟರಿನಲ್ಲಿ ಕಂಡ ದಾವಣಗೆರೆಯ ನಮ್ಮ ಮೇಲಧಿಕಾರಿ ವೆಂಕಟೇಶ್ ಸರ್, ನಾವು ಪಾರ್ಸೆಲ್ಲುಗಳನ್ನು ಹೊಳೆಗೆ ಎಸೆಯುತ್ತಿದ್ದೇವೇನೋ ಎಂದು ಅನುಮಾನಪಟ್ಟು ನಿನ್ನೆ ಖುದ್ದು ಬಂದರು. ಕಸ್ತೂರಮ್ಮ ಬಿಟ್ಟಾರೆಯೇ? "ಸಾಹೇಬ್ರು ಬಿಸಿಲಾಗೆ ಬಂದೀರಿ, ಊಟ ಮಾಡ್ಕೆಂಡು ಹೋಗ್ರಿ" ಅಂತ ರೊಟ್ಟಿ ಬಡಿಯಲು ಕೂತರು. ಸಾಹೇಬರು ಮೂರು ರೊಟ್ಟಿ ತಿಂದು, ಜಗಲಿಯಲ್ಲೇ ಒಂದು ಕೋಳಿನಿದ್ದೆ ತೆಗೆದು, ಆಮೇಲೆ ಎದ್ದು ಸಹಿಯ ಪುಸ್ತಕ ನೋಡಿದರು. ಒಂದು ಪಾರ್ಸೆಲ್ಲೂ ತಪ್ಪಿರಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ ಅಮ್ಮಾ!

ಅಪ್ಪ ಚನ್ನಗಿರಿಯಲ್ಲಿ ಆರಾಮಾಗಿದ್ದಾರೆ. ನೀನಿಲ್ಲದೆ ಅನ್ನ ಮಾಡಲು ಕಲಿತಿದ್ದಾರೆ, ಸಾರು ಇನ್ನೂ ಹೋಟೆಲಿನದೇ. ಪೂಜಕ್ಕನಿಗೆ ನನ್ನ ನೆನಪು ಹೇಳು, ಪುಟ್ಟನ ಎರಡೂ ಕೆನ್ನೆಗೆ ಮುತ್ತು, ನಿನ್ನ ನೋಯುವ ಕಾಲಿಗೆ ಮೆಲ್ಲಗೆ ನಮಸ್ಕಾರ.

ನಿನ್ನ ಮಗಳು,
ಸಂಧ್ಯಾರಾಣಿ

ಬರೆಯಲು ಮರೆತೆ. ಮರೆತದ್ದಲ್ಲ, ಧೈರ್ಯ ಬರಲಿಲ್ಲ. ವೆಂಕಟೇಶ್ ಸರ್ ಕಾಯಂ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ. "ಇದೆಲ್ಲ ಈ ಅಮ್ಮಾರಿಂದ ನಡೀತೈತೆ. ಇನ್ನೊಂದು ಊರಾಗೆ ನಡೆಸಿ ತೋರ್ಸಮ್ಮ, ಆಮೇಲೆ ನೋಡಾನ" ಅಂದರು. ಜಗಳೂರಿನಲ್ಲಿ ಇಂಥವರೇ ಒಬ್ಬರಿದ್ದಾರೆ ಅಂತ ನಿನ್ನ ಹೆಸರು ಕೊಟ್ಟುಬಿಟ್ಟೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೂವತ್ತೊಂದು ಪಾರ್ಸೆಲ್ ಜೊತೆ ಸಾಹೇಬರೂ ಬರುತ್ತಾರೆ. ನೀನು ಬಾಗಿಲು ತೆರೆದರೆ ನಾನು ಮ್ಯಾನೇಜರ್. ತೆರೆಯದಿದ್ದರೆ ಕೆರೆಬಿಳಚಿಯವರಿಗೆ ಫೋನ್ ಮಾಡು, ತಕರಾರಿಲ್ಲದೆ ಸೀರೆ ಉಟ್ಟು ಬಂದು ಕೂರುತ್ತೇನೆ. ಇನ್ನು ನಿನಗೆ ಬಿಟ್ಟದ್ದು, ಅಮ್ಮಾ.